ಗಡಿಪಾರಿನ ಕಾವ್ಯ ಮತ್ತು ಸಾಕ್ಷ್ಯ: ಮುಂಡಗೋಡದ ಟಿಬೆಟನ್ನರು

ಹುಟ್ಟಿದ ನೆಲದಿಂದ ಹೊರದೂಡಲ್ಪಟ್ಟವರು ತಾವು ಕಂಡುಂಡದ್ದನ್ನು ಹಾಡು, ಕವಿತೆ, ಆತ್ಮಕಥನ, ಹೇಳಿಕೆಗಳಲ್ಲಿ ಉಳಿಸಿಕೊಂಡ ಬಗೆ ಈ ಲೇಖನದ ವಿಷಯ. ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ ಟಿಬೆಟನ್ ನಿರಾಶ್ರಿತರದು. ರಾಜ್ಯದಲ್ಲಿ ಅವರ ನೆಲೆಗಳು ಐದು: ಬೈಲಕುಪ್ಪೆಯಲ್ಲಿ ಎರಡು, ಹುಣಸೂರಿನ ಗುರುಪುರದಲ್ಲಿ ಒಂದು, ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯದಲ್ಲಿ ಒಂದು, ಉತ್ತರ ಕನ್ನಡದ ಮುಂಡಗೋಡದಲ್ಲಿ ಒಂದು. ಕೊನೆಯದಕ್ಕೆ ಟಿಬೆಟನ್ನರು ಇಟ್ಟ ಹೆಸರು ದೋಗುಲಿಂಗ್. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ ತಾಲೂಕುಗಳ ಎಲ್ಲೆ ಮುಂಡಗೋಡ ತಾಲೂಕಿಗೆ ಹತ್ತಿಕೊಂಡಿದೆ. ಮುಂಡಗೋಡಕ್ಕೆ ರೈಲಿಲ್ಲ, ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿ ಬೆಂಗಳೂರಿನತ್ತ ಹೊರಟ ಲಾಮಾಗಳು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿಕೊಂಡೇ ಹೋಗಬೇಕು. ಕಡುಗೆಂಪು ಬಟ್ಟೆಯ ಈ ಪ್ರಯಾಣಿಕರನ್ನು ಹಾವೇರಿ ಸೀಮೆಯವರು ಎರಡು ತಲೆಮಾರಿನಿಂದ ನೋಡಿದ್ದಾರೆ. ಟಿಬೆಟನ್ನರು ಬರೆದುಕೊಂಡದ್ದನ್ನು ಓದಿದವರು ಕಡಿಮೆ.

ಹೆಸರಿನ ಗೊಂದಲ

ನೆಲ ಕಳೆದುಕೊಂಡ ಈ ಸ್ಥಿತಿಗೆ ಕನ್ನಡದಲ್ಲಿ ಒಪ್ಪುವ ಒಂದೇ ಪದ ಸಿಗುವುದಿಲ್ಲ. ಗಡಿಪಾರು ಎಂದರೆ ಸರಕಾರ ಕೊಡುವ ಶಿಕ್ಷೆ. ಇಂದಿನ ಪತ್ರಿಕೆಯಲ್ಲಿ ಅದು ರೌಡಿಗಳ ಸುದ್ದಿಗೆ ಮೀಸಲು. ವನವಾಸಕ್ಕೆ ಹದಿನಾಲ್ಕು ವರ್ಷದ ಗಡುವುಂಟು. ಬರ ಬಿದ್ದ ವರ್ಷ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೋಗುವುದಕ್ಕೆ ನಮ್ಮ ಕಡೆ ಗುಳೆ ಎನ್ನುತ್ತಾರೆ. ಗುಳೆ ಹೋದವರು ಮಳೆ ಬಿದ್ದರೆ ಹಿಂದಿರುಗುತ್ತಾರೆ. ಹತ್ತಿರ ಬರುವ ಮಾತು ಪರದೇಶಿ. ಬೇರೆ ದೇಶದವನು ಎಂಬುದು ಅದರ ಮೂಲ ಅರ್ಥ. ಉತ್ತರ ಕರ್ನಾಟಕದ ಬಾಯಿಮಾತಿನಲ್ಲಿ ಅದು ದಿಕ್ಕಿಲ್ಲದವನು, ತಾಯಿ ತಂದೆ ಇಲ್ಲದವನು ಎಂದಾಯಿತು. ಊರು ಕಳೆದುಕೊಂಡವನು ಎಲ್ಲವನ್ನೂ ಕಳೆದುಕೊಂಡಂತೆ ಎಂಬ ತಿಳಿವಳಿಕೆ ಆ ಪದದ ಅರ್ಥ ಜಾರಿದ ದಾರಿಯಲ್ಲೇ ಇದೆ.

ಪಾರಸಿಯ ಗುರ್ಬತ್ ಕೂಡ ಇದೇ ದಾರಿ ಹಿಡಿದದ್ದು ಸೋಜಿಗ. ಪರನಾಡಿನ ವಾಸ, ತೌರುನೆಲದಿಂದ ಅಗಲಿಕೆ ಎಂಬ ಅರ್ಥದ ಆ ಪದ ಉರ್ದುವಿಗೆ ಬರುವಷ್ಟರಲ್ಲಿ ಬಡತನ ಎಂದಾಗಿತ್ತು. ಟಿಬೆಟನ್ ಭಾಷೆಯಲ್ಲಿ ಗಡಿಪಾರಿಗೆ ತ್ಸೆನ್‌ಜೋಲ್ ಎನ್ನುತ್ತಾರೆ, ತಾಯ್ನಾಡಿಗೆ ಫಾಯುಲ್. ಫಾಯುಲ್ ಎಂದರೆ ಅಕ್ಷರಶಃ ತಂದೆಯ ನಾಡು. ಮುಂಡಗೋಡದಲ್ಲಿ ಹುಟ್ಟಿ, ಅಲ್ಲಿಯ ಸಂತೆಯಲ್ಲಿ ಕನ್ನಡ ಆಡಿ ಬೆಳೆದ ಹುಡುಗನ ಫಾಯುಲ್ ಅವನ ಅಪ್ಪನಾಗಲಿ ಅಜ್ಜನಾಗಲಿ ಬಿಟ್ಟುಬಂದ, ಅವನು ಮಾತ್ರ ಎಂದೂ ಕಾಣದ ಊರು. ಈ ಸಾಹಿತ್ಯದ ಅರ್ಧ ಸಂಕಟ ಈ ಒಂದು ಪದದಲ್ಲಿದೆ.

ನೆಲೆಯ ಇತಿಹಾಸ

1959ರ ಮಾರ್ಚ್ 10ರಂದು ಟಿಬೆಟ್ ರಾಜಧಾನಿ ಲ್ಹಾಸಾದಲ್ಲಿ ಚೀನೀ ಆಡಳಿತದ ವಿರುದ್ಧ ಜನ ಎದ್ದರು. ಒಂದು ವಾರದ ಬಳಿಕ ರಾತ್ರಿ ಹೊರಟ 14ನೆಯ ದಲೈ ಲಾಮಾ ಮಾರ್ಚ್ 31ರಂದು ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು 80 ಸಾವಿರ ಜನ ಬಂದರು. ಹಿಮಾಲಯದ ಕಣಿವೆ ದಾಟುವಾಗ ಸತ್ತವರನ್ನು ದಾರಿಯಲ್ಲೇ ಬಿಟ್ಟುಬಂದವರು ಇವರು. ಬದುಕಿ ಬಂದವರಲ್ಲಿ ಬಹಳಷ್ಟು ಮಂದಿಗೆ ಗುಡ್ಡಗಾಡಿನ ರಸ್ತೆ ಕಾಮಗಾರಿಯೇ ಮೊದಲ ಕೂಲಿಯಾಯಿತು. ಬೌದ್ಧ ಮಠಗಳಿಂದ ಬಂದ ಸುಮಾರು 1500 ಸನ್ಯಾಸಿಗಳನ್ನು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜೈಲು ಅದು. ಸೆಕೆ, ಕ್ಷಯರೋಗ, ಒಗ್ಗದ ಆಹಾರ ಅನೇಕರನ್ನು ಅಲ್ಲಿಯೇ ಮುಗಿಸಿದವು. ಉಳಿದವರು ಅದೇ ಗೋಡೆಗಳ ನಡುವೆ ತರ್ಕ ಶಾಸ್ತ್ರದ ಪಾಠ ಮುಂದುವರಿಸಿದರು.

ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1966ರಲ್ಲಿ, ಮುಂಡಗೋಡದ ಕಾಡುನೆಲದಲ್ಲಿ ದೋಗುಲಿಂಗ್ ಶುರುವಾಯಿತು. ನೆಲ ಗುತ್ತಿಗೆಯದು, ಒಡೆತನದ್ದಲ್ಲ. ಯಾಕ್ ಕಾಯ್ದವರು, ಬಾರ್ಲಿ ಬೆಳೆದವರು ಇಲ್ಲಿ ಗೋವಿನಜೋಳ, ಭತ್ತ ಹಾಕುವುದನ್ನು ಕಲಿಯಬೇಕಾಯಿತು. ಮೈಸೂರು ರಾಜ್ಯದ ಟಿಬೆಟನ್ ನೆಲೆಗಳ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಇಂದು ಸ್ವಸಹಾಯ ಸಂಘಗಳ ಕೆಲಸದಿಂದ ಪರಿಚಿತವಾದ ಅದರ ಮೂಲ ಇದು ಎಂಬುದು ಹಲವರಿಗೆ ಮರೆತುಹೋಗಿದೆ. 1969ರ ಹೊತ್ತಿಗೆ ಬಕ್ಸಾದ ಸನ್ಯಾಸಿಗಳು ಬಂದರು. ಲ್ಹಾಸಾ ಸಮೀಪ 1409ರಲ್ಲಿ ಸ್ಥಾಪನೆಯಾದ ಗಾದೆನ್ ಮಠವೂ 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗ್ ಮಠವೂ ಮುಂಡಗೋಡದಲ್ಲಿ ಮತ್ತೆ ತಲೆಯೆತ್ತಿದವು. ಸಾಂಪ್ರದಾಯಿಕ ಲೆಕ್ಕದಲ್ಲಿ 7700 ಸನ್ಯಾಸಿಗಳಿದ್ದ ಡ್ರೆಪುಂಗ್ ಇಲ್ಲಿ ಮೊದಲಾದದ್ದು ಕೆಲವೇ ಕೆಲವರಿಂದ. ಗ್ರಂಥ ಹಿಡಿದ ಕೈಗಳು ಮೊದಲು ಕಾಡು ಕಡಿದವು, ಹೊಲ ಹದ ಮಾಡಿದವು, ಆಮೇಲೆ ಪ್ರಾರ್ಥನಾ ಮಂದಿರ ಕಟ್ಟಿದವು.

ಇದೇ ಮುಂಡಗೋಡ ತಾಲೂಕಿನಲ್ಲಿ ಸಿದ್ದಿಗಳೂ ಇದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಪೀಳಿಗೆ. ಅವರ ದಮಾಮಿ ಕುಣಿತದ ಲಯ ಅವರ ಮೂಲದ ಕುರುಹಾಗಿ ಉಳಿದಿದೆ. ನೆಲ ಬಿಟ್ಟುಬಂದ ಎರಡು ಸಮುದಾಯಗಳು ಒಂದೇ ತಾಲೂಕಿನಲ್ಲಿ. ಒಂದಕ್ಕೆ ಬರಹದ ದೊಡ್ಡ ಪರಂಪರೆ ಇತ್ತು, ಇನ್ನೊಂದಕ್ಕೆ ಡೋಲು ಮತ್ತು ಹೆಜ್ಜೆ ಮಾತ್ರ.

ಹಾಡಿನ ಹಳೆಯ ಬೇರು

ಟಿಬೆಟನ್ ಕಾವ್ಯಕ್ಕೂ ಕನ್ನಡ ಕಾವ್ಯಕ್ಕೂ ದೂರದ ಒಂದು ನೆಂಟಸ್ತನವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು ಕನ್ನಡಕ್ಕೆ ದಾರಿ ಕಂಡುಕೊಂಡಿತು. ಅದೇ ಕಾವ್ಯಾದರ್ಶ 13ನೆಯ ಶತಮಾನದಲ್ಲಿ ಟಿಬೆಟನ್ನಿಗೆ ಅನುವಾದವಾಗಿ, ಅಲ್ಲಿಯ ಪಂಡಿತ ಕಾವ್ಯಕ್ಕೆ ಏಳು ಶತಮಾನ ವ್ಯಾಕರಣವಾಗಿ ಕುಳಿತಿತು. ಅದರ ಪಕ್ಕದಲ್ಲೇ ಗುರ್ ಎಂಬ ಅನುಭಾವದ ಹಾಡೂ ಹರಿಯಿತು. ಗುರ್ ಹಾಡುಗಳ ಮೇರುಕವಿ ಮಿಲರೆಪ ಬದುಕಿದ್ದು ನಮ್ಮ ವಚನಕಾರರಿಗಿಂತ ಸ್ವಲ್ಪ ಮೊದಲು. ಎರಡೂ ಕಡೆ ನುಡಿ ಸರಳ, ಪ್ರತಿಮೆ ದಿನಬಳಕೆಯದು. ಜನರ ಬಾಯಲ್ಲಿದ್ದದ್ದು ಇನ್ನೂ ಬೇರೆ: ಆರು ಆರು ಅಕ್ಷರಗಳ ನಾಲ್ಕು ಸಾಲಿನ ಶೇ. ಲ್ಹಾಸಾದ ಬೀದಿಗಳಲ್ಲಿ ಅಧಿಕಾರಿಗಳನ್ನು ಅಣಕಿಸಲು ಜನ ಕಟ್ಟುತ್ತಿದ್ದುದೂ ಈ ಧಾಟಿಯಲ್ಲೇ. ಆರನೆಯ ದಲೈ ಲಾಮಾ ಸಾಂಗ್ಯಾಂಗ್ ಗ್ಯಾತ್ಸೊನ ಹೆಸರಿನಲ್ಲಿರುವ ಪ್ರೇಮದ, ಅಗಲಿಕೆಯ ಪದ್ಯಗಳೂ ಇದೇ ಅಳತೆಯವು. ಸರ್ವಜ್ಞನ ತ್ರಿಪದಿ ಬಾಯಿಪಾಠವಿರುವ ಹಾವೇರಿ ಸೀಮೆಯವರಿಗೆ ಇಷ್ಟು ಚಿಕ್ಕ ಪಾತ್ರೆಯಲ್ಲಿ ಎಷ್ಟು ಹಿಡಿಸುತ್ತದೆ ಎಂದು ಹೇಳಿಕೊಡಬೇಕಿಲ್ಲ.

ನೆಲ ಬಿಟ್ಟವರ ನುಡಿ ಉಳಿದ ಕಥೆ ಈ ಸೀಮೆಗೂ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣ ಕದಡಿದಾಗ ಶರಣರು ದಿಕ್ಕಿಗೊಬ್ಬರಾದರು. ಚೆನ್ನಬಸವಣ್ಣನ ಜೊತೆ ಒಂದು ಗುಂಪು ಇಂದಿನ ಉತ್ತರ ಕನ್ನಡದ ಉಳವಿಗೆ ಬಂದಿತೆಂಬುದು ಪರಂಪರೆಯ ಮಾತು. ರಾಣೆಬೆನ್ನೂರು ತಾಲೂಕಿನ ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ ಅಂಬಿಗರ ಚೌಡಯ್ಯನನ್ನು ಹೆಸರಿನಲ್ಲೇ ಉಳಿಸಿಕೊಂಡಿದೆ. ಚದುರಿದ ವಚನಗಳನ್ನು ಕೂಡಿಸಿ ಕಟ್ಟುವ ಕೆಲಸ ಮುಖ್ಯವಾಗಿ ನಡೆದದ್ದು ಎರಡು ಮೂರು ಶತಮಾನಗಳ ನಂತರ, ವಿಜಯನಗರದ ಕಾಲದಲ್ಲಿ. ಅಷ್ಟರಲ್ಲಿ ಎಷ್ಟು ಕಳೆದುಹೋಗಿತ್ತೋ ಬಲ್ಲವರಿಲ್ಲ. ಟಿಬೆಟನ್ನರು ಅಷ್ಟು ಕಾಯಲಿಲ್ಲ. ಬಂದ ವರ್ಷವೇ ಅವರ ಹೇಳಿಕೆ ದಾಖಲಾಗತೊಡಗಿತು.

ಸಾಕ್ಷ್ಯ

1959ರಲ್ಲೇ ನ್ಯಾಯವಾದಿಗಳ ಅಂತರರಾಷ್ಟ್ರೀಯ ಆಯೋಗ ಟಿಬೆಟ್ ಕುರಿತು ವಿಚಾರಣೆಗೆ ತೊಡಗಿತು. ಅದರ ನೇತೃತ್ವ ವಹಿಸಿದ್ದವರು ಭಾರತದ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಪುರುಷೋತ್ತಮ ತ್ರಿಕಮದಾಸ್. 1959 ಮತ್ತು 1960ರ ಅದರ ವರದಿಗಳಿಗೆ ಆಧಾರವಾದದ್ದರಲ್ಲಿ ಆಗ ತಾನೇ ಗಡಿ ದಾಟಿ ಬಂದವರ ಹೇಳಿಕೆಗಳೂ ಸೇರಿದ್ದವು. ರೈತ, ಕುರಿಗಾಹಿ, ಸನ್ಯಾಸಿ ಯಾರೇ ಆಗಲಿ, ವಕೀಲರಿಗೆ ಬೇಕಾದದ್ದು ಮೂರು: ಯಾವ ಊರು, ಯಾವ ದಿನ, ಎಷ್ಟು ಜನ. ಹೇಳುವವನಿಗೆ ದಿನಾಂಕ ಗೊತ್ತಿಲ್ಲ. ನಮ್ಮ ಅಜ್ಜಂದಿರು ಸಂವತ್ಸರದ ಹೆಸರಿನಿಂದ ವರ್ಷ ಎಣಿಸುತ್ತಿದ್ದ ಹಾಗೆ ಅವರದು ಪ್ರಾಣಿಯ ಹೆಸರಿನ ಎಣಿಕೆ. 1959 ಎಂದರೆ ಅವರಿಗೆ ಭೂಮಿ-ಹಂದಿಯ ವರ್ಷ. ಪ್ರತಿ ಸಾಕ್ಷ್ಯವೂ ಹೀಗೆ ಒಂದು ಪಂಚಾಂಗದಿಂದ ಇನ್ನೊಂದಕ್ಕೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿ ಕಾಗದಕ್ಕೆ ಇಳಿಯಿತು. ದಾಟುವಾಗ ಅಳು, ತಡವರಿಕೆ, ಸುಮ್ಮನಿರುವಿಕೆ ಉದುರಿಹೋದವು.

ಹಳೆಯ ಟಿಬೆಟ್‌ನಲ್ಲಿ ತನ್ನ ಬದುಕನ್ನು ತಾನೇ ಬರೆಯುವ ಪದ್ಧತಿ ಇತ್ತು, ಆದರೆ ಹೆಚ್ಚಾಗಿ ಅದು ಗುರುಗಳ, ಸಾಧಕರ ಹಕ್ಕು. ಗಡಿಪಾರು ಆ ಹಕ್ಕನ್ನು ಎಲ್ಲರಿಗೂ ಹಂಚಿತು. ಕ್ಯಾಂಪಿನ ಮನೆಯಲ್ಲಿ ಜಪಮಾಲೆ ಎಣಿಸುತ್ತ ಕೂತ ಮುದುಕಿಗೂ ಹೇಳಲು ಒಂದು ಚರಿತ್ರೆ ಬಂತು. ಟಿಬೆಟ್ ಓರಲ್ ಹಿಸ್ಟರಿ ಪ್ರಾಜೆಕ್ಟ್ ಎಂಬ ಸಂಸ್ಥೆ ಬೈಲಕುಪ್ಪೆ, ಮುಂಡಗೋಡ ಮುಂತಾದ ಕಡೆ ಇಂಥ ಹಿರಿಯರ ಮಾತನ್ನು ವಿಡಿಯೊದಲ್ಲಿ ಹಿಡಿದಿಟ್ಟಿದೆ. ಇಂಥ ಮಾತುಗಳಲ್ಲಿ ಹಿಂಸೆಯ ಜೊತೆಗೆ ಮೇವಿನ ನೆಲ, ಬೆಣ್ಣೆಯ ಚಹ, ಮದುವೆ, ಜಗಳ, ಸಾಲ ಎಲ್ಲವೂ ಬರುತ್ತವೆ. ನನ್ನ ದೃಷ್ಟಿಯಲ್ಲಿ ಸಾಕ್ಷ್ಯದ ನಿಜವಾದ ಬೆಲೆ ಅಲ್ಲಿದೆ. ಏನು ನಾಶವಾಯಿತು ಎಂಬುದು ತಿಳಿಯಬೇಕಾದರೆ ಏನಿತ್ತು ಎಂಬುದು ತಿಳಿಯಬೇಕು.

ಪುಸ್ತಕವಾಗಿ ಬಂದವುಗಳಲ್ಲಿ ಎರಡನ್ನು ಹೆಸರಿಸಲೇಬೇಕು. ಪಾಲ್ಡೆನ್ ಗ್ಯಾತ್ಸೊ (1933-2018) ಡ್ರೆಪುಂಗ್ ಮಠದ ಸನ್ಯಾಸಿ. 1959ರಲ್ಲಿ ಬಂಧನಕ್ಕೊಳಗಾಗಿ ಜೈಲು, ದುಡಿಮೆ ಶಿಬಿರಗಳಲ್ಲಿ 33 ವರ್ಷ ಕಳೆದು, 1992ರಲ್ಲಿ ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಬರುವಾಗ ಜೈಲಿನಲ್ಲಿ ಹಿಂಸೆಗೆ ಬಳಸುತ್ತಿದ್ದ ವಿದ್ಯುತ್ ಲಾಠಿಯಂಥ ಸಲಕರಣೆಗಳನ್ನು ಲಂಚ ಕೊಟ್ಟು ಪಡೆದು ಜೊತೆಗೆ ತಂದರು. ತನ್ನ ಮಾತನ್ನು ಜಗತ್ತು ನಂಬಲಿಕ್ಕಿಲ್ಲ ಎಂಬ ಅಂಜಿಕೆ ಬದುಕಿ ಉಳಿದವನಿಗೆ ಎಷ್ಟಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ. 1995ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗದ ಮುಂದೆ ಅವರು ಹೇಳಿಕೆ ಕೊಟ್ಟರು. ಇತಿಹಾಸಕಾರ ತ್ಸೆರಿಂಗ್ ಶಾಕ್ಯ ಅವರಿಗೆ ಹೇಳಿ ಬರೆಸಿದ ಆತ್ಮಕಥೆ ‘ಫೈರ್ ಅಂಡರ್ ದ ಸ್ನೋ’ 1997ರಲ್ಲಿ ಬಂತು. ಅದೇ ವರ್ಷ ಬಂದದ್ದು ಖಾಮ್ ಪ್ರಾಂತದ ಅಮಾ ಅಧೆ ಅವರ ‘ದ ವಾಯ್ಸ್ ದಟ್ ರಿಮೆಂಬರ್ಸ್’. 27 ವರ್ಷ ಸೆರೆಯಲ್ಲಿದ್ದ ಈ ಹೆಣ್ಣುಮಗಳ ಕಥನ ಸತ್ತ ಜೊತೆಗಾತಿಯರ ಪರವಾಗಿ ತೀರಿಸುವ ಋಣದಂತಿದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಹುತಾತ್ಮನ ಕಥೆಯನ್ನು ಊರು ಹೇಳುತ್ತದೆ, ಹಾಡು ಕಟ್ಟುತ್ತದೆ, ಮೂರ್ತಿ ನಿಲ್ಲಿಸುತ್ತದೆ. ಬದುಕಿ ಉಳಿದವನಿಗೆ ಆ ಸೌಲಭ್ಯವಿಲ್ಲ. ಅವನ ಕಥೆ ಅವನೇ ಹೇಳಬೇಕು. ಹೇಳುವಾಗೆಲ್ಲ ತಾನೇಕೆ ಉಳಿದೆ ಎಂಬ ಪ್ರಶ್ನೆ ಎದುರು ಬಂದು ನಿಲ್ಲುತ್ತದೆ.

ಎಲ್ಲರೂ ಹೇಳುವುದೂ ಇಲ್ಲ. ಟಿಬೆಟನ್ ವೈದ್ಯದಲ್ಲಿ ವಾತಕ್ಕೆ ಲುಂಗ್ ಎನ್ನುತ್ತಾರೆ. ಪಿತ್ತ, ಕಫಗಳ ಲೆಕ್ಕವೂ ನಮ್ಮ ಆಯುರ್ವೇದದ ಹಾಗೆಯೇ. ಪ್ರಾಣವಾಯು ಕೆಟ್ಟರೆ ಬರುವ ಬೇನೆ ಸೋಕ್‌ಲುಂಗ್: ಎದೆ ಹಿಡಿದಂತಾಗುವುದು, ನಿದ್ದೆ ಬಾರದಿರುವುದು, ಕಾರಣವಿಲ್ಲದ ಗಾಬರಿ. ಜೈಲು ಕಂಡುಬಂದವರು ಮನಸ್ಸಿನ ಗಾಯದ ಬದಲು ಈ ವಾಯುವಿನ ಮಾತೆತ್ತುವುದುಂಟು. ನೋವನ್ನು ಕೆದಕಿ ಆಡಿದರೆ ಹಗುರವಾಗುತ್ತದೆ ಎಂಬ ಪಶ್ಚಿಮದ ನಂಬಿಕೆ ಇಲ್ಲಿ ಪೂರ್ತಿ ಒಗ್ಗುವುದಿಲ್ಲ. ತನಗಾದದ್ದು ತನ್ನ ಹಿಂದಿನ ಕರ್ಮ, ಬೇರೆಯವರಿಗೆ ಇನ್ನೂ ಹೆಚ್ಚಾಗಿದೆ ಎಂದು ಚುಟುಕಾಗಿ ಮುಗಿಸುವವರು ಬಹಳ. ವರದಿಗಾರನಿಗೆ ಇದು ನಿರಾಸೆ. ಕವಿಗೆ ಕೆಲಸ ಶುರುವಾಗುವುದು ಇಲ್ಲಿಂದ.

ಜೈಲಿನಿಂದ ಬಂದ ಕ್ಯಾಸೆಟ್

ಹಾಡು ಮತ್ತು ಸಾಕ್ಷ್ಯ ಒಂದೇ ಆದ ಸಂದರ್ಭ 1993ರದು. ಲ್ಹಾಸಾದ ಡ್ರಾಪ್ಚಿ ಜೈಲಿನಲ್ಲಿದ್ದ 14 ಭಿಕ್ಷುಣಿಯರು ಕದ್ದು ತರಿಸಿಕೊಂಡ ಟೇಪ್ ರೆಕಾರ್ಡರಿನಲ್ಲಿ ರಾತ್ರಿ ವೇಳೆ ಹಾಡುಗಳನ್ನು ಮುದ್ರಿಸಿದರು. ಹೊಡೆತದ, ಹಸಿವಿನ ಸುದ್ದಿ ಆ ಹಾಡುಗಳಲ್ಲಿತ್ತು. ಮನೆಯವರಿಗೆ ಹೇಳಿದ ಸಮಾಧಾನವಿತ್ತು, ದಲೈ ಲಾಮಾ ಅವರ ಮೇಲಿನ ಭಕ್ತಿಯಿತ್ತು. ಕ್ಯಾಸೆಟ್ ಗೋಡೆ ದಾಟಿತು, ಗಡಿಯನ್ನೂ ದಾಟಿತು. ವಿಷಯ ತಿಳಿದ ಮೇಲೆ ಹಾಡಿದವರ ಸೆರೆವಾಸ 5ರಿಂದ 9 ವರ್ಷ ಹೆಚ್ಚಾಯಿತು. ಅವರಲ್ಲಿ ಒಬ್ಬರಾದ ಙವಾಂಗ್ ಸಾಂಗ್ಡ್ರೊಲ್ ಮೊದಲ ಸಲ ಸೆರೆಯಾದಾಗ ಹದಿಮೂರರ ಹುಡುಗಿ, ಬಿಡುಗಡೆಯಾದದ್ದು 2002ರಲ್ಲಿ. ಛಂದಸ್ಸು, ಅಲಂಕಾರದ ಲೆಕ್ಕದಲ್ಲಿ ಈ ಹಾಡುಗಳು ಸಾದಾ. ಆದರೆ ಒಂದು ಹಾಡಿಗೆ ಇಷ್ಟು ವರ್ಷ ಎಂದು ದರ ಕಟ್ಟಿದ ಮೇಲೆ ವಿಮರ್ಶೆಯ ತಕ್ಕಡಿ ಉಪಯೋಗಕ್ಕೆ ಬಾರದು.

ಈ ಕಥೆಗೂ ಮುಂಡಗೋಡಕ್ಕೂ ಎಳೆ ಇದೆ. 1987ರ ಸೆಪ್ಟೆಂಬರ್ 27ರಂದು ಲ್ಹಾಸಾದಲ್ಲಿ ಹೊಸ ಪ್ರತಿಭಟನೆಗಳ ಸರಣಿಗೆ ಮೊದಲಿಟ್ಟವರು ಅಲ್ಲಿಯೇ ಉಳಿದ ಡ್ರೆಪುಂಗ್ ಮಠದ ಸನ್ಯಾಸಿಗಳು. ಒಂದೇ ಹೆಸರಿನ ಮಠ ಈಗ ಎರಡು ಕಡೆ ಇದೆ. ಅಲ್ಲಿ ಉಳಿದದ್ದು ಕಾವಲಿನಲ್ಲಿ, ಇಲ್ಲಿ ಕಟ್ಟಿದ್ದು ಗುತ್ತಿಗೆ ನೆಲದಲ್ಲಿ.

ಕವಿತೆ

ಆಧುನಿಕ ಟಿಬೆಟನ್ ಕವಿತೆ ದಂಡಿಯ ಹಿಡಿತದಿಂದ ಬಿಡಿಸಿಕೊಂಡದ್ದು 1983ರಲ್ಲಿ, ಟಿಬೆಟ್ ಒಳಗಿದ್ದೇ ಬರೆದ ದೊಂಡುಪ್ ಗ್ಯಾಲ್ (1953-1985) ಅವರ ಮುಕ್ತಛಂದದ ಕವಿತೆಯಿಂದ. ಜಲಪಾತವನ್ನು ಹರೆಯಕ್ಕೆ ಹೋಲಿಸಿದ ಆ ಕವಿತೆ ಅಲ್ಲಿಯ ನವ್ಯದ ಬಾಗಿಲು ತೆರೆಯಿತು. ಎರಡು ವರ್ಷದಲ್ಲಿ ಕವಿ ತಾವಾಗಿಯೇ ಪ್ರಾಣ ಬಿಟ್ಟರು. 1980ರ ನಂತರ ಹೊಸದಾಗಿ ಗಡಿ ದಾಟಿ ಬಂದ ಬರಹಗಾರರು ಈ ಗಾಳಿಯನ್ನು ಹಿಮಾಚಲದ ಧರ್ಮಶಾಲೆಗೆ ತಂದರು. 1990ರಿಂದ ಅಲ್ಲಿ ‘ಜಂಗ್ಶೊನ್’ ಎಂಬ ಟಿಬೆಟನ್ ಸಾಹಿತ್ಯ ಪತ್ರಿಕೆ ನಡೆಯಿತು.

ಭಾರತದಲ್ಲೇ ಹುಟ್ಟಿದ ಪೀಳಿಗೆ ಬರೆದದ್ದು ಬಹುಪಾಲು ಇಂಗ್ಲಿಷಿನಲ್ಲಿ. ಅವರಲ್ಲಿ ಹೆಚ್ಚು ಹೆಸರಾದವರು ತೆನ್ಜಿನ್ ತ್ಸುಂಡುಯೆ. ಹಿಮಾಚಲದಲ್ಲಿ ರಸ್ತೆ ಕೂಲಿ ಮಾಡುತ್ತಿದ್ದ ತಂದೆ ತಾಯಿಯ ಮಗ. ‘ಕ್ರಾಸಿಂಗ್ ದ ಬಾರ್ಡರ್’ (1999), ‘ಕೋರಾ’ (2002) ಅವರ ಪುಸ್ತಕಗಳು. 2001ರಲ್ಲಿ ಔಟ್‌ಲುಕ್-ಪಿಕಡಾರ್ ಪ್ರಬಂಧ ಪ್ರಶಸ್ತಿ ಬಂತು. 1997ರಲ್ಲಿ ಲಡಾಖಿನ ಕಡೆಯಿಂದ ಒಬ್ಬರೇ ಟಿಬೆಟ್ ಒಳಗೆ ನಡೆದುಹೋಗಿ, ಲ್ಹಾಸಾದ ಜೈಲಿನಲ್ಲಿ ಮೂರು ತಿಂಗಳಿದ್ದು, ಹೊರದಬ್ಬಿಸಿಕೊಂಡು ಬಂದವರು. ತಂದೆಯ ನಾಡನ್ನು ನೋಡಲು ಹೋದವನನ್ನು ಆ ನಾಡೂ ಪರದೇಶಿ ಎಂದಿತು. ಕನ್ನಡಿಗರು ಅವರನ್ನು ಕಂಡದ್ದು ಕವಿಯಾಗಿ ಅಲ್ಲ: 2005ರ ಏಪ್ರಿಲ್‌ನಲ್ಲಿ ಚೀನದ ಪ್ರಧಾನಿ ವೆನ್ ಜಿಯಾಬಾವ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದಾಗ ಅಲ್ಲಿಯ ಗೋಪುರ ಹತ್ತಿ ಬಾವುಟ ಬಿಟ್ಟ ಹುಡುಗನಾಗಿ.

ತ್ಸುಂಡುಯೆ ಕವಿತೆಯ ನೋವು ಹಿಮಪರ್ವತದ್ದಲ್ಲ, ಕಚೇರಿಯದು. ಭಾರತದಲ್ಲಿರುವ ಟಿಬೆಟನ್ನರು ವಿದೇಶಿಯರೆಂದು ನೋಂದಣಿ ಪತ್ರ (ಆರ್‌ಸಿ) ಇಟ್ಟುಕೊಳ್ಳಬೇಕು, ಗಡುವು ಮುಗಿದಾಗ ನವೀಕರಿಸಬೇಕು. ಪಾಸ್‌ಪೋರ್ಟಿನ ಬದಲು ಹಳದಿ ರಟ್ಟಿನ ಗುರುತು ಪುಸ್ತಕ. ಆರ್‌ಸಿ ಎಂಬ ಎರಡಕ್ಷರ ನಮಗೆ ಗಾಡಿಯ ಕಾಗದ; ಅವರಿಗೆ ಬದುಕಿನ ಕಾಗದ. ಎಲ್ಲಿಯವನು ಎಂಬ ಪ್ರಶ್ನೆಗೆ ಅರ್ಜಿಯಲ್ಲಿರುವ ಚೌಕ ಸಾಲದೆ ಉಳಿದದ್ದು ಕವಿತೆಗೆ ಬರುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಪೌರತ್ವ ಕಾಯಿದೆಯ ಪ್ರಕಾರ ಭಾರತೀಯರೇ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೂ ಹಕ್ಕಿದ್ದವರೆಲ್ಲ ಅರ್ಜಿ ಹಾಕಲಿಲ್ಲ. ಪೌರತ್ವ ಪಡೆದರೆ ಹೋರಾಟ ಕೈಬಿಟ್ಟಂತೆ ಎಂಬ ಅಳುಕು ಒಂದು ಕಡೆ, ಮಕ್ಕಳ ಓದು, ಉದ್ಯೋಗದ ಚಿಂತೆ ಇನ್ನೊಂದು ಕಡೆ. ಈ ತೊಯ್ದಾಟವೇ ಇಂದಿನ ಬರಹದ ಮುಖ್ಯ ಸರಕು.

ತ್ಸೆರಿಂಗ್ ವಾಂಗ್ಮೊ ಧೋಂಪಾ ಅವರದು ಬೇರೆ ದನಿ. ‘ರೂಲ್ಸ್ ಆಫ್ ದ ಹೌಸ್’ (2002) ಸಂಕಲನದಲ್ಲಿ ಘೋಷಣೆ ಇಲ್ಲ; ಮನೆಯ ಹಿರಿಯ ಹೆಂಗಸರ ಮಾತು, ಕಟ್ಟುಪಾಡು, ಅರ್ಧಕ್ಕೆ ನಿಲ್ಲುವ ನೆನಪು ಇವೆ. ಅಮ್ಮ ಹೇಳಿದ ಊರು ಮಗಳಿಗೆ ಮನೆಯ ಒಂದು ಕೋಣೆಯಷ್ಟೇ ಹತ್ತಿರ, ಆದರೆ ಬಾಗಿಲಿಗೆ ಬೀಗ. ತಾಯಿ ತೀರಿಕೊಂಡ ಮೇಲೆ ಆ ಊರಿಗೆ ಹೋಗಿಬಂದ ಅನುಭವವನ್ನು ಅವರು 2013ರಲ್ಲಿ ‘ಎ ಹೋಮ್ ಇನ್ ಟಿಬೆಟ್’ ಎಂಬ ಗದ್ಯ ಕೃತಿಯಾಗಿಸಿದರು. ಭುಚುಂಗ್ ಸೋನಂ ಸಂಪಾದಿಸಿದ ‘ಮ್ಯೂಸಸ್ ಇನ್ ಎಕ್ಸೈಲ್’ (2004) ಗಡಿಪಾರಿನ ಟಿಬೆಟನ್ ಕವಿಗಳನ್ನು ಒಟ್ಟಿಗೆ ತಂದ ಸಂಕಲನ. ಇಂಥ ಕವಿತೆಗಳಲ್ಲಿ ಎಲ್ಲವೂ ಗಟ್ಟಿಯಲ್ಲ. ಹಿಮ, ಬೆಣ್ಣೆದೀಪ, ಪ್ರಾರ್ಥನಾ ಪತಾಕೆ ಒಬ್ಬರಿಂದ ಒಬ್ಬರಿಗೆ ಸಾಲ ಹೋಗಿ ಸವೆದಿವೆ. ಕಾಣದ ನಾಡನ್ನು ಕಂಡವರಂತೆ ಬರೆದಾಗ ಕವಿತೆ ಪಟದ ಚಿತ್ರವಾಗುತ್ತದೆ. ಕಂಡಿಲ್ಲ ಎಂಬುದನ್ನೇ ಬರೆದಾಗ ಕವಿತೆಯಾಗುತ್ತದೆ.

ಹೆಂಗಸರು, ಗಂಡಸರು ಕೈ ಹಿಡಿದು ವೃತ್ತದಲ್ಲಿ ಹಾಡಿ ಕುಣಿಯುವ ಗೋರ್ಶೆ ಇನ್ನೊಂದು ದಾರಿ. ಟಿಬೆಟ್‌ನಲ್ಲಿ ನಡೆದ 2008ರ ದಂಗೆಗಳ ನಂತರ ಬುಧವಾರವನ್ನು ಲ್ಹಕರ್, ಅಂದರೆ ಬಿಳಿ ಬುಧವಾರ ಎಂದು ಆಚರಿಸುವ ರೂಢಿ ಹಬ್ಬಿತು. ಅಂದು ಟಿಬೆಟನ್ ಉಡುಪು, ಟಿಬೆಟನ್ ಮಾತು, ಸಂಜೆ ಗೋರ್ಶೆ. ಪುಸ್ತಕ ಮುಟ್ಟದವರ ಕಾವ್ಯ ಇದು.

ಇರಾನಿನ ಹೋಲಿಕೆ

ಗಡಿಪಾರಿನ ಕಾವ್ಯ, ಸಾಕ್ಷ್ಯ ಎರಡೂ ದೊಡ್ಡದಾಗಿ ಬೆಳೆದ ಇನ್ನೊಂದು ಸಮುದಾಯ ಇರಾನಿಯರದು. ಜಲಾಲುದ್ದೀನ್ ರೂಮಿಯ ಮಸ್ನವಿ ಶುರುವಾಗುವುದೇ ಬಿದಿರು ಮೆಳೆಯಿಂದ ಕತ್ತರಿಸಿ ತಂದ ಕೊಳಲಿನ ಅಗಲಿಕೆಯ ದೂರಿನಿಂದ. ಆ ಕೊಳಲನ್ನು 1979ರ ಕ್ರಾಂತಿಯ ನಂತರ ದೇಶ ಬಿಟ್ಟ ಕವಿಗಳು ಮತ್ತೆ ಎತ್ತಿಕೊಂಡರು. ನಾದಿರ್ ನಾದಿರ್‌ಪೂರ್ 2000ದಲ್ಲಿ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು, ಇಸ್ಮಾಯಿಲ್ ಖೋಯಿ 2021ರಲ್ಲಿ ಲಂಡನ್ನಿನಲ್ಲಿ, ರೆಜಾ ಬರಾಹೆನಿ 2022ರಲ್ಲಿ ಟೊರಾಂಟೊದಲ್ಲಿ. ಬರಾಹೆನಿಯವರ ಕಥೆ ಹೆಚ್ಚು ಕಠೋರ: ಕ್ರಾಂತಿಗೆ ಮುಂಚಿನ ದೊರೆ ಶಾ ಕಾಲದ ಜೈಲನ್ನು ಕಂಡು ಕವಿತೆ ಬರೆದು, ಶಾ ಹೋದ ಮೇಲೆ ಮರಳಿ, ಹೊಸ ಆಡಳಿತಕ್ಕೂ ಬೇಡವಾಗಿ ಮತ್ತೆ ಹೊರಬಿದ್ದವರು.

1988ರ ಬೇಸಿಗೆಯಲ್ಲಿ ಇರಾನಿನ ಜೈಲುಗಳಲ್ಲಿ ಸಾವಿರಾರು ರಾಜಕೀಯ ಕೈದಿಗಳನ್ನು ಕೊಲ್ಲಲಾಯಿತು. ಬದುಕಿ ಉಳಿದವರು, ಸತ್ತವರ ಮನೆಯವರು ಸೇರಿ 2012ರಲ್ಲಿ ಲಂಡನ್, ಹೇಗ್ ನಗರಗಳಲ್ಲಿ ಇರಾನ್ ಟ್ರಿಬ್ಯೂನಲ್ ಎಂಬ ಜನತಾ ನ್ಯಾಯಾಲಯ ನಡೆಸಿದರು. ಸರಕಾರದ ಮುದ್ರೆ ಅದಕ್ಕಿರಲಿಲ್ಲ. ಹತ್ತು ವರ್ಷದ ನಂತರ, 2022ರ ಜುಲೈನಲ್ಲಿ, ಸ್ಟಾಕ್‌ಹೋಮಿನ ನ್ಯಾಯಾಲಯ ಆ ಕೊಲೆಗಳಲ್ಲಿ ಭಾಗಿಯಾದ ಮಾಜಿ ಜೈಲು ಅಧಿಕಾರಿ ಹಮೀದ್ ನೂರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಸಾಕ್ಷಿಕಟ್ಟೆಯಲ್ಲಿ ನಿಂತವರು ಗಡಿಪಾರಾದ ಮಾಜಿ ಕೈದಿಗಳು. 2024ರ ಜೂನ್‌ನಲ್ಲಿ ಕೈದಿಗಳ ವಿನಿಮಯದಲ್ಲಿ ಅವನು ಇರಾನಿಗೆ ಮರಳಿದ.

ಟಿಬೆಟನ್ನರ ಸಾಕ್ಷ್ಯಕ್ಕೆ ಇಷ್ಟೂ ದಕ್ಕಲಿಲ್ಲ. 2005ರಲ್ಲಿ ಸ್ಪೇನಿನಲ್ಲಿ ದಾಖಲಾದ ಮೊಕದ್ದಮೆ 2013ರ ನವೆಂಬರ್‌ನಲ್ಲಿ ಚೀನದ ಮಾಜಿ ನಾಯಕರ ಮೇಲೆ ಬಂಧನ ಆದೇಶದವರೆಗೆ ಹೋಯಿತು. 2014ರಲ್ಲಿ ಸ್ಪೇನ್ ತನ್ನ ಕಾನೂನನ್ನೇ ತಿದ್ದಿದ್ದರಿಂದ ಮುಚ್ಚಿಹೋಯಿತು. ಹೇಳಿಕೆ ಕೊಟ್ಟವರ ಕಡತ ಉಳಿಯಿತು, ತೀರ್ಪು ಬರಲಿಲ್ಲ. ಇರಾನಿಯರ ಓದುಗರು ಪಾರಸಿ ಬಲ್ಲ ಲಕ್ಷಾಂತರ ಜನ. ಟಿಬೆಟನ್ ಕವಿಗೆ ತನ್ನ ಭಾಷೆಯಲ್ಲಿ ಬರೆದರೆ ಓದುಗರು ವಿರಳ, ಇಂಗ್ಲಿಷಿನಲ್ಲಿ ಬರೆದರೆ ಅಜ್ಜಿಗೆ ಓದಲಾಗದು.

ಇಂದಿನ ಸ್ಥಿತಿ

2009ರ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟನ್ನರು 94 ಸಾವಿರದಷ್ಟು. ಆ ಸಂಖ್ಯೆ ಇಳಿಯುತ್ತ ಬಂದಿದೆ. ಯುವಕರು ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ; ಟಿಬೆಟ್‌ನಿಂದ ಹೊಸದಾಗಿ ಬರುವುದು ಬಹುತೇಕ ನಿಂತಿದೆ. ಮಠಗಳ ಅಂಗಳ ತುಂಬಿದ್ದರೂ ಕ್ಯಾಂಪಿನ ಮನೆಗಳಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರು. ಗಡಿಪಾರಿನೊಳಗೆ ಮತ್ತೊಂದು ಗಡಿಪಾರು ನಡೆದಿದೆ. ಟೊರಾಂಟೊದಲ್ಲಿ ಬೆಳೆಯುವ ಮಗುವಿಗೆ ಅಪ್ಪ ಹೇಳುವ ಊರು ಮುಂಡಗೋಡ. ಆ ಮಗು ಕವಿಯಾದರೆ ಅದರ ಫಾಯುಲ್‌ನಲ್ಲಿ ಗೋವಿನಜೋಳದ ಹೊಲ, ಮುಂಗಾರಿನ ಕೆಸರು, ಹುಬ್ಬಳ್ಳಿಯ ಬಸ್ಸು ಬಂದೀತು.

ಮುಂಡಗೋಡದ ಪೇಟೆಯಲ್ಲಿ ಟಿಬೆಟನ್ನರೂ ಸ್ಥಳೀಯರೂ ಕನ್ನಡದಲ್ಲೇ ವ್ಯಾಪಾರ ಮಾಡುತ್ತಾರೆ. ಇಷ್ಟು ವರ್ಷದ ಒಡನಾಟದಲ್ಲಿ ವ್ಯವಹಾರದ ಕನ್ನಡ ಅವರಿಗೆ ಬಂತು. ಅವರ ಹಾಡು, ಹೇಳಿಕೆ ಕನ್ನಡಕ್ಕೆ ಬಂದದ್ದು ಅತ್ಯಲ್ಪ. 1959ರಲ್ಲಿ ಇಪ್ಪತ್ತರ ಹರೆಯದಲ್ಲಿ ಕಣಿವೆ ದಾಟಿದವರಿಗೆ ಈಗ ಎಂಬತ್ತೈದು ಮೀರಿದೆ. ಜನಪದ ಹಾಡು, ಕಥನಗಳ ಸಂಗ್ರಹಕ್ಕೆಂದೇ ಇರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿದೆ. ಮುಂಡಗೋಡ ಪಕ್ಕದ ತಾಲೂಕು. ಕನ್ನಡ ಬಲ್ಲ ಟಿಬೆಟನ್ ಹುಡುಗನೊಬ್ಬ, ಕೇಳುವ ತಾಳ್ಮೆಯ ಕನ್ನಡ ವಿದ್ಯಾರ್ಥಿಯೊಬ್ಬ, ಒಂದು ಮೊಬೈಲು ಇದ್ದರೆ ಕೆಲಸ ಶುರುವಾಗುತ್ತದೆ. ಈ ಮಳೆಗಾಲ ಮುಗಿಯುವುದರೊಳಗೆ ಯಾರಾದರೂ ಹೋಗಲಿ.